ಸೋನಿ ಮಾರಿ ಮತ್ತೆ ನಿಕಾನ್‌ಗೆ ಬರ್ಲಾ?

ಪ್ರಶ್ನೆ: ಸರ್, ಚಿಕ್ಕಮಗಳೂರಲ್ಲಿ ಮದುವೆ ಫೋಟೋಗ್ರಫಿ ಮಾಡ್ತೀನಿ. ಮೊದ್ಲು ನಿಕಾನ್ ಡಿ750 ಇತ್ತು, ಕೋವಿಡ್ ಟೈಮಲ್ಲಿ ಮಾರಿ ಸೋನಿ ಎ7 ತ್ರೀ ಎರಡು ಬಾಡಿ ತಗೊಂಡೆ, ಜೊತೆಗೆ ಟ್ಯಾಮ್ರಾನ್ 28-75, 70-180, ಸೋನಿ 85. ನಿಕಾನ್ ಲೆನ್ಸ್ ಮೂರು ಮಾರದೆ ಬೀರುಲಿ ಉಳ್ಕೊಂಡಿವೆ, 70-200 ವಿಆರ್ ಟೂ, 85 ಎಫ್ 1.8 ಜಿ, ಆಮೇಲೆ ನಮ್ಮ ಚಿಕ್ಕಪ್ಪನ ಸ್ಟುಡಿಯೋ ಕಾಲದ 80-200 ಎಎಫ್-ಡಿ. ಮೊನ್ನೆ ಭದ್ರಾ ಹಿನ್ನೀರಲ್ಲಿ ಫ್ರೆಂಡ್‌ದು ನಿಕಾನ್ ಝಡ್8 ಅರ್ಧ ದಿನ ಹಿಡಿದೆ, ಅವತ್ತಿಂದ ತಲೆ ಕೆಟ್ಟುಹೋಗಿದೆ. ಹೋಂಸ್ಟೇಗಳಿಗೆ ಹಕ್ಕಿ ಫೋಟೋ, ಬೇಲೂರು ಹಳೇಬೀಡಿನ ಕೆಲಸ ಎಲ್ಲಾ ಬರ್ತಿದೆ. ಸೋನಿ ಪೂರ್ತಿ ಮಾರಿ ವಾಪಸ್ ನಿಕಾನ್‌ಗೆ ಬಂದ್ಬಿಡ್ಲಾ? ಬೀರುಲಿರೋ ಲೆನ್ಸ್ ಕೆಲಸಕ್ಕೆ ಬರುತ್ತಾ?

ಉತ್ತರ: ಪೂರ್ತಿ ಮಾರ್ಬೇಡಿ. ಇಷ್ಟು ಮೊದ್ಲೇ ಹೇಳ್ಬಿಡ್ತೀನಿ, ಯಾಕಂದ್ರೆ ನಿಮ್ಮ ಪ್ರಶ್ನೆ ಓದಿದ್ರೆ ಓಎಲ್‌ಎಕ್ಸ್‌ಗೆ ಫೋಟೋ ಹಾಕೋಕೆ ಕೈ ಹೋಗಿರೋ ಥರ ಕಾಣ್ತಿದೆ. ಬರೋದಾದ್ರೆ ಒಂದು ಬಾಡಿ ಮಾತ್ರ ತನ್ನಿ, ಅದೂ ಹಕ್ಕಿ ಕೆಲಸಕ್ಕೆ. ಮದುವೆ ಸೋನಿಲೇ ನಡೀಲಿ. ಯಾಕೆ ಅಂತ ಹೇಳ್ತೀನಿ, ಸ್ವಲ್ಪ ಉದ್ದ ಆಗುತ್ತೆ, ಸಹಿಸ್ಕೊಳ್ಳಿ.

ನೀವು ಬಿಟ್ಟು ಹೋದ ನಿಕಾನ್ ಅಲ್ಲೇ ಕಾಯ್ತಾ ಕೂತಿಲ್ಲ. ಡಿ750 ಇದ್ದಿದ್ದು ಎಫ್ ಮೌಂಟಲ್ಲಿ (ಮೌಂಟ್ ಅಂದ್ರೆ ಬಾಡಿಲಿ ಲೆನ್ಸ್ ಕೂರೋ ಜಾಗ), 1959ರಿಂದ ನಡ್ಕೊಂಡು ಬಂದಿದ್ದು, ಅದಕ್ಕೇ ನಿಮ್ಮ ಚಿಕ್ಕಪ್ಪನ ಲೆನ್ಸು ನಿಮ್ಮ ಡಿ750ಗೂ ಕಚ್ಚಿಕೊಳ್ತಿತ್ತು. 2018ರಲ್ಲಿ ಬಂದ ಝಡ್ ಮೌಂಟ್ ಪೂರ್ತಿ ಬೇರೆ. ಮೌಂಟ್‌ನಿಂದ ಸೆನ್ಸರ್‌ವರೆಗಿನ ದೂರ ಎಫ್‌ನಲ್ಲಿ 46.5 ಮಿಲಿಮೀಟರ್ ಇತ್ತು, ಝಡ್‌ನಲ್ಲಿ ಬರೀ 16, ಮೌಂಟ್ ಬಾಯಿ 55 ಮಿಲಿಮೀಟರ್ ಅಗಲ. ಊರಿಗೆ ಎಷ್ಟೋ ವರ್ಷದ ಮೇಲೆ ಹೋದ್ರೆ ಹಳೇ ಮನೆ ಕೆಡವಿ ಅದೇ ಜಾಗದಲ್ಲಿ ಹೊಸದು ಕಟ್ಟಿರ್ತಾರಲ್ಲ, ಬಾಗಿಲ ಮೇಲಿನ ಹೆಸರು ಮಾತ್ರ ಅದೇ ಇರುತ್ತೆ, ಅಷ್ಟೇ ನಂಟು. ಹಂಗಾಗಿ ಹಳೇ ಪರಿಚಯ ಇದೆ, ಖರ್ಚು ಕಮ್ಮಿ ಆಗುತ್ತೆ ಅಂತ ಲೆಕ್ಕ ಹಾಕ್ಬೇಡಿ, ಹೊಸ ಸಿಸ್ಟಮ್‌ಗೆ ಕಾಲಿಡ್ತಿದ್ದೀನಿ ಅಂತಲೇ ಲೆಕ್ಕ ಹಾಕಿ.

ಇನ್ನೊಂದು ಮಾತು. 2018-20ರಲ್ಲಿ ನಿಕಾನ್ ಬಿಟ್ಟವರೆಲ್ಲ ಸುಮ್ಸುಮ್ನೆ ಬಿಟ್ಟಿದ್ದಲ್ಲ. ಮೊದಲ ಝಡ್6, ಝಡ್7ಗೆ ಒಂದೇ ಕಾರ್ಡ್ ಸ್ಲಾಟ್, ಅದೂ ಎಸ್‌ಡಿ ಅಲ್ಲ, ಎಕ್ಸ್‌ಕ್ಯೂಡಿ ಅನ್ನೋ ಬೇರೆ ಕಾರ್ಡಿಗೆ, ಮದುವೆ ಫೋಟೋಗ್ರಾಫರ್ ಒಂದೇ ಕಾರ್ಡ್ ನಂಬ್ಕೊಂಡು ಮುಹೂರ್ತಕ್ಕೆ ನಿಲ್ಲೋಕಾಗುತ್ತಾ? ಅದೇ ವರ್ಷ ಬಂದ ನಿಮ್ಮ ಎ7 ತ್ರೀಲಿ ಎರಡು ಎಸ್‌ಡಿ ಸ್ಲಾಟು, ಕಣ್ಣು ಹುಡುಕೋ ಆಟೋಫೋಕಸ್ಸು, ದಿನವಿಡೀ ಬರೋ ಬ್ಯಾಟರಿ. ಅವತ್ತಿಗೆ ನೀವು ಮಾಡಿದ್ದು ಸರಿಯಾಗೇ ಇತ್ತು. ಪರಿಸ್ಥಿತಿ ಬದಲಾಗಿದ್ದು ಎಕ್ಸ್‌ಪೀಡ್ 7 ಪ್ರೊಸೆಸರ್ ಬಂದ್ಮೇಲೆ, 2021ರ ಝಡ್9ನಿಂದ ಶುರು, ಆಮೇಲೆ 2023ರಲ್ಲಿ ಝಡ್8, ಝಡ್‌ಎಫ್, 2024ರಲ್ಲಿ ಝಡ್6 ತ್ರೀ, 2025ರಲ್ಲಿ ಝಡ್5 ಟೂ. ಸೆಕೆಂಡ್ ಹ್ಯಾಂಡಲ್ಲಿ ಝಡ್6, ಝಡ್6 ಟೂ ಕಮ್ಮಿಗೆ ಸಿಗ್ತಿದೆ ಅಂತ ಯಾರಾದ್ರೂ ತೋರಿಸಿದ್ರೆ ಹೂಂ ಅನ್ಬೇಡಿ, ಝಡ್8 ಹಿಡಿದ ಕೈಗೆ ಅದು ಬೇಜಾರೇ ಮಾಡೋದು. ಫ್ರೆಂಡ್ ಕ್ಯಾಮೆರಾದಲ್ಲಿ ನೀವು ಕಂಡ ಆಟೋಫೋಕಸ್ ಎಕ್ಸ್‌ಪೀಡ್ 7 ಇರೋದ್ರಲ್ಲಿ ಮಾತ್ರ ಸಿಗೋದು.

ಈಗ ಬೀರು ತೆಗೀರಿ. ನಿಮ್ಮ 70-200 ವಿಆರ್ ಟೂ, 85 ಜಿ ಎರಡೂ ಎಎಫ್-ಎಸ್, ಅಂದ್ರೆ ಫೋಕಸ್ ಮೋಟರ್ ಲೆನ್ಸ್ ಒಳಗೇ ಇದೆ, ಎಫ್ ಲೆನ್ಸನ್ನ ಝಡ್‌ಗೆ ಜೋಡಿಸೋ ಎಫ್‌ಟಿಝಡ್ ಅಡಾಪ್ಟರ್ ಹಾಕಿದ್ರೆ ಝಡ್ ಬಾಡಿಲಿ ಆಟೋಫೋಕಸ್ ಸಮೇತ ಕೆಲಸ ಮಾಡುತ್ತೆ, ಕಣ್ಣು ಹಿಡಿಯೋದೂ ಬರುತ್ತೆ. ಚಿಕ್ಕಪ್ಪನ 80-200 ಎಎಫ್-ಡಿ ಕಥೆ ಬೇರೆ. ಅದರೊಳಗೆ ಮೋಟರ್ ಇಲ್ಲ, ಬಾಡಿಲಿದ್ದ ಮೋಟರ್ರು ಮೌಂಟ್ ಹತ್ರದ ಸಣ್ಣ ಸ್ಕ್ರೂ ತಿರುಗಿಸಿ ಫೋಕಸ್ ಮಾಡ್ತಿತ್ತು, ಡಿ750ಲಿ ಫೋಕಸ್ ಆಗುವಾಗ ಝರ್ ಅಂತ ಸದ್ದು ಬರ್ತಿತ್ತಲ್ಲ, ಅದೇ. ಆ ಸ್ಕ್ರೂ ಎಫ್‌ಟಿಝಡ್‌ನಲ್ಲಿ ಇಲ್ಲ, 2021ರ ಎಫ್‌ಟಿಝಡ್ ಟೂನಲ್ಲೂ ಇಲ್ಲ. ಮೀಟರಿಂಗ್ (ಬೆಳಕು ಅಳೆಯೋದು) ಬರುತ್ತೆ, ಅಪರ್ಚರ್ (ಬೆಳಕು ಬಿಡೋ ಕಿಂಡಿ) ಬರುತ್ತೆ, ಫೋಕಸ್ ಮಾತ್ರ ಕೈಲೇ. ನಿಂತಿರೋ ವಿಗ್ರಹಕ್ಕೆ ಸಾಕು, ಓಡಾಡೋ ಮದುಮಗಳಿಗೆ ಆಗಲ್ಲ.

ಆದ್ರೆ ಅಡಾಪ್ಟರ್ ಖರೀದಿ ಮಾಡೋಕೆ ಮುಂಚೆ ಲೆನ್ಸ್ ಬದುಕಿದ್ಯಾ ನೋಡ್ಬೇಕು. ಚಿಕ್ಕಮಗಳೂರಲ್ಲಿ ಬೀರುಲಿ ಇಷ್ಟು ಮಳೆಗಾಲ ಕಳೆದಿರೋ ಲೆನ್ಸು ಅಂದ್ರೆ ನನಗೆ ಮೊದ್ಲು ನೆನಪಾಗೋದು ಫಂಗಸ್ಸೇ. ಕತ್ತಲೆ ರೂಮಲ್ಲಿ ಎರಡೂ ಕಡೆ ಕ್ಯಾಪ್ ತೆಗೀರಿ, ಮೊಬೈಲ್ ಟಾರ್ಚನ್ನ ಹಿಂದಿನ ಗಾಜಿಗೆ ನೇರ ಹಿಡೀದೆ ಸ್ವಲ್ಪ ಓರೆ ಹಿಡಿದು ಮುಂದಿನಿಂದ ನೋಡಿ, ಅಪರ್ಚರ್ ಬ್ಲೇಡ್ ತೆರೆದಿರ್ಬೇಕು, ಜಿ ಲೆನ್ಸಲ್ಲಿ ಅಪರ್ಚರ್ ರಿಂಗ್ ಇಲ್ಲ, ಹಿಂದೆ ಇರೋ ಸಣ್ಣ ಲಿವರ್‌ನ ಬೆರಳಲ್ಲಿ ಮೆತ್ತಗೆ ಒತ್ತಿ ಹಿಡ್ಕೊಳ್ಳಿ. ಧೂಳು ಚುಕ್ಕಿ ಚುಕ್ಕಿಯಾಗಿ ಕಾಣುತ್ತೆ, ಅದು ಎಲ್ಲಾ ಲೆನ್ಸಲ್ಲೂ ಇರೋದೇ, ಬಿಟ್ಬಿಡಿ. ಗಾಜಿನ ಅಂಚಿಂದ ಒಳಗೆ ಜೇಡರ ಬಲೆ ಥರ ಸಣ್ಣ ಎಳೆ ಕವಲೊಡೆದು ಹೋಗಿದ್ರೆ ಅದು ಫಂಗಸ್. ಅಂಚಲ್ಲಿ ಸ್ವಲ್ಪ ಇದ್ರೆ ಬಿಚ್ಚಿ ಕ್ಲೀನ್ ಮಾಡಿಸ್ಬಹುದು, ಮಧ್ಯಕ್ಕೆ ಬಂದು ಕೋಟಿಂಗ್ ತಿಂದಿದ್ರೆ ಕ್ಲೀನ್ ಮಾಡಿದ್ರೂ ಕಲೆ ಹೋಗಲ್ಲ, ಬೆಳಕಿಗೆ ಎದುರು ಹಿಡಿದಾಗ ಫೋಟೋ ಮಂಕಾಗುತ್ತೆ. ಆಮೇಲೆ ಊರಲ್ಲಿ ಡಿ ಸೀರೀಸ್ ಬಾಡಿ ಇರೋರು ಈಗ್ಲೂ ಬೇಕಾದಷ್ಟು ಜನ ಇದ್ದಾರೆ, ಅವರ ಬಾಡಿಗೆ ಹಾಕಿ ಹತ್ರ ದೂರ ಹತ್ರ ದೂರ ಅಂತ ಫೋಕಸ್ ಮಾಡಿಸಿ ಕಿವಿಗೊಟ್ಟು ಕೇಳಿ. ಎಎಫ್-ಎಸ್ ಮೋಟರ್ ಹಾಳಾಗೋ ಮುಂಚೆ ಕೀಂ ಅಂತ ಕೂಗುತ್ತೆ. 70-200 ಕೀಂ ಅಂತಿದ್ರೆ ಅದನ್ನ ನಂಬ್ಕೊಂಡು ಸಿಸ್ಟಮ್ ಬದಲಾಯಿಸೋ ಪ್ಲಾನ್ ಅಲ್ಲಿಗೇ ಬಿಡಿ.

(ಲೆನ್ಸ್ ಜೊತೆ ಬಂದ ಆ ಮೆತ್ತನೆ ಪೌಚಲ್ಲಿ ಹಾಕಿಟ್ಟಿದ್ರೆ ಈಗ್ಲೇ ಹೊರಗೆ ತೆಗೀರಿ, ತೇವ ಹಿಡ್ಕೊಳ್ಳೋದೇ ಅದರ ಕೆಲಸ. ಅಕ್ಕಿ ಡಬ್ಬಕ್ಕೆ ಹಾಕೋ ವಿದ್ಯೆನೂ ಬೇಡ, ಹುಡಿ ಒಳಗೆ ಹೋಗುತ್ತೆ. ಡ್ರೈ ಕ್ಯಾಬಿನೆಟ್ ತಗೊಂಡು 40-50 ಪರ್ಸೆಂಟ್ ಹ್ಯುಮಿಡಿಟಿಲಿ ಇಡಿ, ಅಷ್ಟು ಬಂಡವಾಳ ಬೇಡ ಅಂದ್ರೆ ರಬ್ಬರ್ ಮುಚ್ಚಳದ ಏರ್‌ಟೈಟ್ ಡಬ್ಬ, ಸಿಲಿಕಾ ಜೆಲ್, ಒಳಗೊಂದು ಸಣ್ಣ ಹೈಗ್ರೋಮೀಟರ್. ಮಲೆನಾಡಲ್ಲಿ ಕ್ಯಾಮೆರಾ ಇಟ್ಕೊಂಡವರು ಯಾವ ಬ್ರ್ಯಾಂಡ್ ಅಂತ ಜಗಳ ಆಡೋಕೆ ಮುಂಚೆ ಮಾಡ್ಬೇಕಾದ ಖರ್ಚು ಇದು.)

ಇನ್ನು ಕೆಲಸದ ಮಾತು. ನಿಮ್ಮ ಹೊಟ್ಟೆಪಾಡು ಮದುವೆ. ಅಲ್ಲಿ ಝಡ್8 ನಿಮಗೆ ಏನು ಹೊಸದು ಕೊಡುತ್ತೆ? ಸದ್ದಿಲ್ಲದ ಶಟರ್ ಕೊಡುತ್ತೆ, ಅದರಲ್ಲಿ ಮೆಕ್ಯಾನಿಕಲ್ ಶಟರ್ರೇ ಇಲ್ಲ, ಸ್ಟ್ಯಾಕ್ಡ್ ಸೆನ್ಸರ್ ಇಡೀ ಫ್ರೇಮನ್ನ ಸುಮಾರು 4 ಮಿಲಿಸೆಕೆಂಡಲ್ಲಿ ಓದುತ್ತೆ, ಹೆಚ್ಚುಕಮ್ಮಿ ಹಳೇ ಮೆಕ್ಯಾನಿಕಲ್ ಶಟರ್ ಪರದೆ ಓಡೋ ವೇಗಾನೇ, ಅದಕ್ಕೇ ಫ್ಲ್ಯಾಶ್ ಕೂಡ ಮಾಮೂಲಿ ಥರ ಸಿಂಕ್ ಆಗುತ್ತೆ. ನಿಮ್ಮ ಎ7 ತ್ರೀನ ಸೈಲೆಂಟ್ ಮೋಡಿಗೆ ಹಾಕಿ ಕಲ್ಯಾಣ ಮಂಟಪದ ಎಲ್‌ಇಡಿ ಲೈಟಲ್ಲಿ ತೆಗೆದ್ರೆ ಮುಖದ ಮೇಲೆ ಪಟ್ಟೆ ಪಟ್ಟೆ ಬರುತ್ತೆ ನೋಡಿ, ಅದು ಅಲ್ಲಿ ಸೆನ್ಸರ್ ನಿಧಾನ ಓದೋದ್ರಿಂದ. ನಮ್ಮ ಕರೆಂಟು 50 ಹರ್ಟ್ಸ್, ಲೈಟು ಸೆಕೆಂಡಿಗೆ 100 ಸಲ ಮಿಣುಕುತ್ತೆ, ಶಟರ್ 1/50 ಅಥವಾ 1/100ಕ್ಕೆ ಇಟ್ರೆ ಮಾಮೂಲಿ ಬಲ್ಬಿಗೆ ಪಾರಾಗ್ಬಹುದು. ಸ್ಟೇಜ್ ಹಿಂದಿನ ದೊಡ್ಡ ಎಲ್‌ಇಡಿ ವಾಲ್ ಇನ್ನೂ ವೇಗವಾಗಿ ಮಿಣುಕುತ್ತೆ, ಅದಕ್ಕೆ ಝಡ್8ಲಿ ಶಟರ್ ಸ್ಪೀಡನ್ನ ಸೂಕ್ಷ್ಮವಾಗಿ ಹೊಂದಿಸೋ ಹೈ ಫ್ರೀಕ್ವೆನ್ಸಿ ಫ್ಲಿಕರ್ ರಿಡಕ್ಷನ್ ಇದೆ. ಒಳ್ಳೇದೇ. ಆದ್ರೆ ನಮ್ಮ ಮದುವೇಲಿ ನಾದಸ್ವರ, ಡೋಲು, ಮೈಕಲ್ಲಿ ಪುರೋಹಿತರು, ಊಟಕ್ಕೆ ಕೂಗೋರು, ಇಷ್ಟರ ಮಧ್ಯೆ ಶಟರ್ ಸದ್ದು ಯಾರಿಗೆ ಕೇಳುತ್ತೆ ಹೇಳಿ. ಗ್ರೂಪ್ ಫೋಟೋಲಿ ಅಂತೂ ಟಕ್ ಅಂತ ಸದ್ದು ಬರ್ಲಿಲ್ಲ ಅಂದ್ರೆ ಹಿರಿಯರು ಇನ್ನೂ ತೆಗೆದಿಲ್ಲ ಅಂತ ಉಸಿರು ಬಿಗಿಹಿಡ್ಕೊಂಡೇ ನಿಂತಿರ್ತಾರೆ, ಝಡ್8ಲಿ ಅದಕ್ಕೆ ಸ್ಪೀಕರಿಂದ ಕೃತಕ ಸದ್ದು ಹಾಕ್ಬೇಕು!

ತೂಕನೂ ನೋಡಿ. ಬ್ಯಾಟರಿ ಕಾರ್ಡ್ ಸೇರಿ ಎ7 ತ್ರೀ 650 ಗ್ರಾಮ್, ಝಡ್8 910 ಗ್ರಾಮ್. ಸಿಐಪಿಎ (ಕ್ಯಾಮೆರಾ ಕಂಪನಿಗಳ ಒಕ್ಕೂಟ) ಲೆಕ್ಕದಲ್ಲಿ ವ್ಯೂಫೈಂಡರ್ ನೋಡ್ಕೊಂಡು ತೆಗೆದ್ರೆ ಎ7 ತ್ರೀಗೆ ಒಂದು ಚಾರ್ಜಿಗೆ 610 ಫೋಟೋ, ಝಡ್8ಗೆ 330. ನಿಜವಾದ ಕೆಲಸದಲ್ಲಿ ಎರಡೂ ಇದಕ್ಕಿಂತ ಎಷ್ಟೋ ಜಾಸ್ತಿ ಬರುತ್ತೆ, ಆದ್ರೆ ಅರ್ಧಕ್ಕರ್ಧ ವ್ಯತ್ಯಾಸ ಅನ್ನೋದು ಹಾಗೇ ಇರುತ್ತೆ. ಬೆಳಗಿನ ವರಪೂಜೆಯಿಂದ ರಾತ್ರಿ ರಿಸೆಪ್ಷನ್ ತನಕ ಕುತ್ತಿಗೇಲಿ ನೇತಾಕ್ಕೊಳ್ಳೋರು ನೀವು, ನಾನಲ್ಲ. ಲೆನ್ಸ್ ವಿಷಯಕ್ಕೆ ಬಂದ್ರೂ ಸೋನಿ ಇ ಮೌಂಟ್ 2010ರಿಂದ ಇದೆ, ಸಿಗ್ಮಾ ಟ್ಯಾಮ್ರಾನ್ ಎಲ್ಲಾ ಅದಕ್ಕೆ ರಾಶಿ ರಾಶಿ ಮಾಡಿದ್ದಾರೆ. ಝಡ್‌ಗೆ ಟ್ಯಾಮ್ರಾನ್ ಕೆಲವು ಬಂದಿವೆ, ಮದುವೆಗೆ ಹೇಳಿ ಮಾಡಿಸಿದ 35-150 ಕೂಡ ಇದೆ, ಸಿಗ್ಮಾದ ಫುಲ್‌ಫ್ರೇಮ್ ಆರ್ಟ್ ಲೆನ್ಸ್‌ಗಳು ಸೋನಿಲಿ ಸಿಗೋ ಥರ ಇಲ್ಲಿ ಸಿಗಲ್ಲ. ಅದೂ ಅಲ್ದೆ ಮುಹೂರ್ತ ಜೋರಾಗಿರೋ ತಿಂಗಳಲ್ಲಿ ಬಾಡಿ ಕೈಕೊಟ್ರೆ ರಾತ್ರೋರಾತ್ರಿ ಯಾರ ಹತ್ರ ಈಸ್ಕೊಂಡು ಬರ್ತೀರಿ? ನಿಮ್ಮ ಜೊತೆ ಬರೋ ಕ್ಯಾಂಡಿಡ್ ಹುಡುಗರು, ವಿಡಿಯೋದವರು ಏನು ಹಿಡಿದಿದ್ದಾರೆ ಅಂತ ಒಂದ್ಸಲ ನೋಡಿ.

ಬೇಲೂರು ಹಳೇಬೀಡಿಗೋಸ್ಕರ ಅಂತೂ ಬದಲಾಯಿಸ್ಲೇಬೇಡಿ. 2023ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದ್ಮೇಲೆ ಆ ಕೆಲಸ ಜಾಸ್ತಿ ಬರ್ತಿದ್ರೆ ಸಂತೋಷ, ಆದ್ರೆ ಚೆನ್ನಕೇಶವನ ನವರಂಗದ ಕತ್ತಲೆಗೆ ನಿಮ್ಮ ಎ7 ತ್ರೀಲೇ ಬಾಡಿ ಒಳಗಿನ ಸ್ಟೆಬಿಲೈಸೇಷನ್ ಇದೆ, 85 ಹಾಕಿ ಗೋಡೆಗೋ ಜಗಲಿಗೋ ಒರಗಿ ಉಸಿರು ಹಿಡಿದು 1/15ಲ್ಲಿ ತೆಗೆದ್ರೂ ಬರುತ್ತೆ. ಟ್ರೈಪಾಡ್ ಬೇಕಂದ್ರೆ ಯಾವ ಬ್ರ್ಯಾಂಡ್ ಆದ್ರೂ ಪುರಾತತ್ವ ಇಲಾಖೆ ಪರ್ಮಿಷನ್ ತಗೊಳ್ಳೇಬೇಕು. ಹೊರಗಡೆ ಮೇಲೆ ಇರೋ ಮದನಿಕೆಯರಿಗೆ ನಿಮ್ಮ 70-180 ಸಾಕು, ಅಲ್ಲಿ ಕಾಯ್ಬೇಕಾಗಿದ್ದು ಬಿಸಿಲಿಗೆ, ಓರೆ ಬಿಸಿಲು ಬಿದ್ರೆ ಆ ಬಳಪದ ಕಲ್ಲಲ್ಲಿ ಬಳೆ, ಬೆರಳ ಗೆಣ್ಣು ಎಲ್ಲಾ ಎದ್ದು ಕಾಣುತ್ತೆ, ನಡು ಮಧ್ಯಾಹ್ನ 45 ಮೆಗಾಪಿಕ್ಸೆಲ್ಲಿನ ಝಡ್8 ತಗೊಂಡ್ ಹೋದ್ರೂ ಚಪ್ಪಟೆಯಾಗೇ ಬರೋದು.

ಹಕ್ಕಿಗೆ ಬಂದ್ರೆ ಮಾತ್ರ ನಿಮ್ಮ ತಲೆ ಕೆಟ್ಟಿದ್ದಕ್ಕೆ ಕಾರಣ ಇದೆ. ಎ7 ತ್ರೀಗೆ 2019ರ ಫರ್ಮ್‌ವೇರಲ್ಲಿ ಪ್ರಾಣಿ ಕಣ್ಣು ಹಿಡಿಯೋದು ಬಂತು, ಹಕ್ಕಿಗೆ ಅಲ್ಲ. ಝಡ್8ಗೆ 2024ರಲ್ಲಿ ಬಂದ ಫರ್ಮ್‌ವೇರ್ 2.00ರಲ್ಲಿ ಹಕ್ಕಿಗೇ ಅಂತ ಬೇರೆ ಮೋಡ್ ಕೊಟ್ರು. ಲಕ್ಕವಳ್ಳಿ ಕಡೆ ಬೇಸಿಗೇಲಿ ಹಿನ್ನೀರು ಇಳಿದಾಗ ನಡುಗಡ್ಡೆ ಮೇಲೆ ರಿವರ್ ಟರ್ನ್ ಗೂಡು ಕಟ್ತಾವಲ್ಲ, ಅವು ನೀರಿಗೆ ಧುಮುಕೋ ಕ್ಷಣ ನೋಡಿ ಒತ್ತಿದ್ರೆ ತಡ ಆಗಿರುತ್ತೆ, ಝಡ್8ಲಿ ಬಟನ್ ಅರ್ಧ ಒತ್ತಿ ಹಿಡ್ಕೊಂಡಿದ್ರೆ ಪೂರ್ತಿ ಒತ್ತೋಕೆ ಒಂದು ಸೆಕೆಂಡ್ ಮುಂಚಿನ ಫ್ರೇಮೂ ಕಾರ್ಡಿಗೆ ಬರುತ್ತೆ. ಒಂದೇ ಕೊರತೆ, ಆ ಫ್ರೇಮ್‌ಗಳು ಜೆಪೆಗ್ ಮಾತ್ರ, ರಾ (ಆಮೇಲೆ ತಿದ್ದೋಕೆ ಅನುಕೂಲ ಇರೋ ಕಚ್ಚಾ ಫೈಲ್) ಬರಲ್ಲ, ಹಂಗಾಗಿ ಎಕ್ಸ್‌ಪೋಷರ್ ಮೊದ್ಲೇ ಸರಿ ಇಟ್ಕೋಬೇಕು, ಬಿಳಿ ಹಕ್ಕಿ ನೀರಿನ ಹೊಳಪಲ್ಲಿ ಸುಟ್ಟುಹೋದ್ರೆ ಆಮೇಲೆ ಏನೂ ಮಾಡೋಕಾಗಲ್ಲ. ಇನ್ನೊಂದು ಸಣ್ಣ ವಿಷಯ ನನಗೆ ಭಾರಿ ಇಷ್ಟ, ಆಫ್ ಮಾಡಿದ್ರೆ ಝಡ್8ಲಿ ಸೆನ್ಸರ್ ಮುಂದೆ ಒಂದು ಮುಚ್ಚಳ ಬರೋ ಹಾಗೆ ಮೆನುಲಿ ಇಟ್ಕೋಬಹುದು. ಮುತ್ತೋಡಿ ಜೀಪಲ್ಲಿ ಲೆನ್ಸ್ ಬದಲಾಯಿಸೋರಿಗೆ ಅದರ ಬೆಲೆ ಗೊತ್ತು. ನಿಕಾನ್ 180-600 ಲೆನ್ಸೂ ಚೆನ್ನಾಗಿದೆ, ಝೂಮ್ ಮಾಡಿದ್ರೂ ಉದ್ದ ಆಗಲ್ಲ, ಬೋಟಲ್ಲಿ ಪಕ್ಕದವರಿಗೆ ತಿವಿಯಲ್ಲ.

ಆದ್ರೆ ನ್ಯಾಯವಾಗಿ ಹೇಳ್ಬೇಕು, ನೀವು ಹೋಲಿಸ್ತಿರೋದು 2018ರ ಸೋನಿನ 2023ರ ನಿಕಾನ್ ಜೊತೆ. ಎ7 ಫೋರ್‌ನಲ್ಲಿ ಹಕ್ಕಿ ಕಣ್ಣು ಹಿಡಿಯೋದಿದೆ, ಸೋನಿ 200-600 ಕೂಡ ಉದ್ದ ಆಗದ ಝೂಮೇ, 2019ರಿಂದ ಇದೆ. ವೇಗದಲ್ಲಿ ಎ7 ಫೋರ್ ಝಡ್8 ಹತ್ರ ಬರಲ್ಲ ನಿಜ, ಕೂತಿರೋ ಮಂಗಟ್ಟೆ, ಮರಕುಟಿಗ, ಹೋಂಸ್ಟೇ ಬಾಗಿಲಿಗೆ ಬರೋ ಬುಲ್‌ಬುಲ್‌ಗೆ ಅದೇ ಧಾರಾಳ ಆಯ್ತು, ಮದುವೆಗೂ ಅದೇ ಬಾಡಿ ಆಗುತ್ತೆ. ಹಂಗಾಗಿ ಹಣ ಹಾಕೋಕೆ ಮುಂಚೆ ಬೆಂಗಳೂರಿಂದ ಎರಡೂ ಸೆಟ್ ಬಾಡಿಗೆಗೆ ತನ್ನಿ, ಬೇರೆ ಬೇರೆ ವಾರ, ಜಾಗ ಒಂದೇ ಇರ್ಲಿ. ಹಾರೋ ಹಕ್ಕಿ ಫೋಟೋಗೆ ಹೋಂಸ್ಟೇದವರು ನಿಜವಾಗ್ಲೂ ದುಡ್ಡು ಕೊಡ್ತಾರಾ ಅಥವಾ ಅವರಿಗೆ ಬೇಕಾಗಿರೋದು ಕೂತಿರೋ ಹಕ್ಕಿ ಪಕ್ಕದಲ್ಲಿ ಕಾಫಿ ಲೋಟಾನಾ, ಅದನ್ನೂ ಕೇಳ್ಕೊಳ್ಳಿ. ಎರಡ್ನೇದಾದ್ರೆ ಎ7 ಫೋರ್ ತಗೊಳ್ಳಿ, ನಿಕಾನ್ ಮಾತು ಮುಗೀತು. ಮೊದಲ್ನೇದಾದ್ರೆ ಒಂದು ಎ7 ತ್ರೀ ಮಾರಿ ಝಡ್8 ತನ್ನಿ, ಇನ್ನೊಂದು ಎ7 ತ್ರೀ ಮತ್ತು ಸೋನಿ ಲೆನ್ಸೆಲ್ಲ ಇಟ್ಕೊಳ್ಳಿ, ಮದುವೆಗೆ ಎಎಫ್-ಎಸ್ 70-200 ಎಫ್‌ಟಿಝಡ್ ಮೇಲೆ ಝಡ್8ಲಿ, 28-75 ಸೋನಿಲಿ. ಒಂದು ಸೀಸನ್ ಹಿಂಗೆ ಓಡಿಸಿ ನೋಡಿ.

ಮಧ್ಯದಲ್ಲಿ ಒಂದು ಆಸೆ ಬರುತ್ತೆ, ಈಗ್ಲೇ ಹೇಳ್ತೀನಿ. ಸೋನಿ ಇ ಮೌಂಟ್ ದೂರ 18 ಮಿಲಿಮೀಟರ್, ಝಡ್ 16, ಆ 2 ಮಿಲಿಮೀಟರ್ ಸಂದೀಲಿ ತೆಳ್ಳಗಿನ ಅಡಾಪ್ಟರ್ ಹಾಕಿ ಸೋನಿ ಲೆನ್ಸನ್ನ ನಿಕಾನ್ ಬಾಡಿಗೆ ಆಟೋಫೋಕಸ್ ಸಮೇತ ಹಾಕ್ಬಹುದು, ಮೆಗಾಡ್ಯಾಪ್‌ನಂಥವರು ಮಾಡಿದ್ದಾರೆ. ತಿರುಗಿಸಿ ಝಡ್ ಲೆನ್ಸನ್ನ ಸೋನಿಗೆ ಹಾಕೋಕೆ ಜಾಗನೇ ಇಲ್ಲ. ಶೋಕಿಗೆ, ಎಸ್ಟೇಟ್ ಫೋಟೋಗೆ ಓಕೆ. ಧಾರೆ ಎರೆಯೋ ಹೊತ್ತಲ್ಲಿ ಅದನ್ನ ನಂಬ್ಕೊಂಡು ನಿಲ್ಬೇಡಿ.

ಎರಡು ಬ್ರ್ಯಾಂಡ್ ಒಟ್ಟಿಗೆ ಓಡಿಸೋದ್ರಲ್ಲಿ ತಲೆನೋವು ಬಣ್ಣದ್ದು. ಅರಿಶಿನ ಶಾಸ್ತ್ರದಲ್ಲಿ ಇಡೀ ಫ್ರೇಮ್ ಹಳದಿ, ಆಟೋ ವೈಟ್ ಬ್ಯಾಲೆನ್ಸ್ ಒಂದು ಕ್ಯಾಮೆರಾದಲ್ಲಿ ಒಂದು ಕಡೆ ಇನ್ನೊಂದ್ರಲ್ಲಿ ಇನ್ನೊಂದು ಕಡೆ ಎಳೆಯುತ್ತೆ, ಆಲ್ಬಮ್‌ನಲ್ಲಿ ಎದುರುಬದುರು ಪೇಜಿಗೆ ಬಂದ್ರೆ ಮದುಮಗಳಿಗೆ ಎರಡು ಮೈಬಣ್ಣ. ಎರಡರಲ್ಲೂ ವೈಟ್ ಬ್ಯಾಲೆನ್ಸ್‌ನ ಕೆಲ್ವಿನ್ ಒಂದೇ ನಂಬರಿಗೆ ಫಿಕ್ಸ್ ಮಾಡಿ, ಪ್ರತಿ ಲೈಟ್ ಬದಲಾದಾಗ ಎರಡರಿಂದಲೂ ಗ್ರೇ ಕಾರ್ಡ್ ಒಂದೊಂದು ಫ್ರೇಮ್ ತಗೊಳ್ಳಿ. ಕ್ಯಾಮೆರಾ ಗಡಿಯಾರ ಎರಡೂ ಸೆಕೆಂಡ್ ಸಮೇತ ಒಂದೇ ಟೈಮ್ ಇರ್ಲಿ, ಇಲ್ದಿದ್ರೆ ಸಾರ್ಟ್ ಮಾಡುವಾಗ ತಾಳಿ ಕಟ್ಟಿದ್ಮೇಲೆ ಜೀರಿಗೆ ಬೆಲ್ಲ ಬರುತ್ತೆ. ಝಡ್8 ರಾ ಫೈಲಿಗೆ ಹೈ ಎಫಿಶಿಯನ್ಸಿ ಅಂತ ಒಂದು ಫಾರ್ಮ್ಯಾಟ್ ಇದೆ, ಸೈಜ್ ಕಮ್ಮಿ, ಆದ್ರೆ ನಿಮ್ಮ ಡಿಸೈನರ್ ಸಿಸ್ಟಮಲ್ಲಿ ಹಳೇ ಲೈಟ್‌ರೂಮ್ ಇದ್ರೆ ಓಪನ್ನೇ ಆಗಲ್ಲ, ಮೊದ್ಲೇ ಒಂದು ಫೈಲ್ ಕಳಿಸಿ ಟೆಸ್ಟ್ ಮಾಡಿಸಿ. ಕಾರ್ಡ್ ಕೂಡ, ಒಂದು ಸ್ಲಾಟಿಗೆ ಸಿಎಫ್‌ಎಕ್ಸ್‌ಪ್ರೆಸ್ ಬಿ ಬೇಕು, ಇನ್ನೊಂದಕ್ಕೆ ನಿಮ್ಮ ಎಸ್‌ಡಿ ಆಗುತ್ತೆ, ಎರಡಕ್ಕೂ ಬ್ಯಾಕಪ್ ಇಟ್ರೆ ಎಸ್‌ಡಿ ಸ್ಪೀಡಿಗೇ ಎಲ್ಲಾ ಇಳಿಯುತ್ತೆ. ಆಮೇಲೆ ನಿಕಾನ್ ಲೆನ್ಸ್ ಹಾಕೋದು ಸೋನಿಗೆ ಉಲ್ಟಾ ತಿರುಗಿಸಿ, ನಿಮಗೆ ಹಳೇ ಅಭ್ಯಾಸ ಇದೆ, ಅಸಿಸ್ಟೆಂಟ್ ಹುಡುಗನಿಗೆ ಇರಲ್ಲ, ಕತ್ತಲಲ್ಲಿ ಬಲವಂತವಾಗಿ ತಿರುಗಿಸೋಕೆ ಮುಂಚೆ ಮನೇಲೇ ಹೇಳಿಕೊಡಿ.

ಫ್ಲ್ಯಾಶ್ ಏನಿದೆ ಅಂತ ಬರೆದಿಲ್ಲ. ಗೋಡಾಕ್ಸ್ ಎಡಿ200 ಥರದ್ದಾದ್ರೆ ಲೈಟ್ ಬದಲಾಯಿಸ್ಬೇಕಾಗಿಲ್ಲ, ನಿಕಾನ್ ಟ್ರಿಗರ್ ಒಂದು ತಗೊಂಡ್ರೆ ಆಯ್ತು. ಕ್ಯಾಮೆರಾ ಮೇಲೆ ಕೂರಿಸೋ ಸೋನಿ ಫ್ಲ್ಯಾಶ್ ಮಾತ್ರ ನಿಕಾನ್ ಮೇಲೆ ಟಿಟಿಎಲ್ (ಫ್ಲ್ಯಾಶ್ ಬೆಳಕನ್ನ ಕ್ಯಾಮೆರಾನೇ ಅಳೆದು ಹೊಂದಿಸೋದು) ಕೊಡಲ್ಲ.

ಝಡ್8 ಸೆಕೆಂಡ್ ಹ್ಯಾಂಡ್ ತಗೊಂಡ್ರೆ ಶಟರ್ ಕೌಂಟ್ ಬಗ್ಗೆ ತಲೆ ಕೆಡಿಸ್ಕೋಬೇಡಿ, ಸವೆಯೋಕೆ ಶಟರ್ರೇ ಇಲ್ಲ. 2023ರ ಮೊದಲ ಲಾಟಿನ ಕೆಲವು ಬಾಡಿಗಳ ಸ್ಟ್ರ್ಯಾಪ್ ಕೊಂಡಿ, ಲೆನ್ಸ್ ಲಾಕ್ ವಿಷಯಕ್ಕೆ ಕಂಪನಿಯೇ ಫ್ರೀ ಸರ್ವಿಸ್ ನೋಟಿಸ್ ಕೊಟ್ಟಿತ್ತು, ಸೀರಿಯಲ್ ನಂಬರ್ ಹಾಕಿ ಚೆಕ್ ಮಾಡಿ. ಹೊಸದಾದ್ರೆ ಇಂಡಿಯಾ ವಾರಂಟಿ ಇರೋದೇ ತಗೊಳ್ಳಿ, ಹೊರಗಿಂದ ತಂದ ಗ್ರೇ ಪೀಸ್ ಬೇಡ, ಮತ್ತೆ ಬಿಲ್ಲಲ್ಲಿ ನಿಮ್ಮ ಜಿಎಸ್‌ಟಿ ನಂಬರ್ ಹಾಕಿಸಿ. ಕ್ಯಾಮೆರಾ ಮೇಲಿನ ಜಿಎಸ್‌ಟಿ 2019ರ ಜನವರಿಯಿಂದ 28ರ ಬದಲು 18 ಪರ್ಸೆಂಟ್ ಆಗಿದೆ, ನೀವು ರಿಜಿಸ್ಟರ್ ಆಗಿದ್ರೆ ಅದರ ಇನ್‌ಪುಟ್ ಕ್ರೆಡಿಟ್ ಸಿಗುತ್ತೆ. ಆದ್ರೆ ಹಳೇ ಎ7 ತ್ರೀಗೂ ಕ್ರೆಡಿಟ್ ತಗೊಂಡಿದ್ರೆ ಅದನ್ನ ಮಾರುವಾಗಲೂ ಟ್ಯಾಕ್ಸ್ ಲೆಕ್ಕ ಬರುತ್ತೆ, ಅಡ್ವಾನ್ಸ್ ಈಸ್ಕೊಳ್ಳೋಕೆ ಮುಂಚೆ ನಿಮ್ಮ ಆಡಿಟರ್‌ಗೆ ಒಂದು ಫೋನ್ ಹಾಕಿ.